ರಕ್ತಹೀನತೆ: ಎಲ್ಲ ಬಿಳಿಚಿಕೆಗೂ ಒಂದೇ ಮಾತ್ರೆ ಸಲ್ಲದು

ಕುಷ್ಟಗಿ, ಯಲಬುರ್ಗಾ ಕಡೆಯ ರೈತ ಬಾಂಧವರೇ, ಸುಣ್ಣದ ಅಂಶ ಹೆಚ್ಚಿರುವ ಹೊಲದಲ್ಲಿ ಶೇಂಗಾದ ಎಳೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ, ಕಬ್ಬಿಣದ ಕೊರತೆಯೆಂದರಿತು ಅನ್ನಭೇದಿಯ ದ್ರಾವಣ ಸಿಂಪಡಿಸುತ್ತೀರಿ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಅದು ಸಾರಜನಕದ ಕೊರತೆ. ಅದಕ್ಕೆ ಅನ್ನಭೇದಿ ಫಲಿಸದು. ಮನೆಯವರ ಮುಖ ಬಿಳಿಚಿಕೊಂಡಾಗಲೂ ಇದೇ ವಿವೇಚನೆ ಬೇಕು.

ಗಂಗಾವತಿಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಗಳಿಗೆ ಏದುಸಿರು, ತಲೆಸುತ್ತು ಬಂದರೆ ಬಿಸಿಲಿನ ಆಯಾಸವೆಂದು ತಳ್ಳಿಹಾಕಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. 100 ಮಿ.ಲೀ. ರಕ್ತದಲ್ಲಿ ಅದು ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.

ಇವುಗಳಲ್ಲಿ ಕಬ್ಬಿಣದ ಕೊರತೆಯೇ ಹೆಚ್ಚು. ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ ಸೇವಿಸಬೇಕು. ಅದರಲ್ಲಿರುವುದು ಸಾಮಾನ್ಯವಾಗಿ ಶುದ್ಧೀಕರಿಸಿದ ಅನ್ನಭೇದಿಯೇ. ಹಾಗೆಂದು ಗೊಬ್ಬರದಂಗಡಿಯ ಅನ್ನಭೇದಿಯನ್ನು ಬಾಯಿಗೆ ಹಾಕಲೇಕೂಡದು.

ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೆಳೆಗೆ ದಕ್ಕದು. ಹೊಟ್ಟೆಯಲ್ಲಿಯೂ ಹಾಗೆಯೇ: ಚಹಾದ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದ ಕಬ್ಬಿಣ ಸರಿಯಾಗಿ ಮೈಗೆ ಹತ್ತದು. ನಿಂಬೆರಸದೊಡನೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ. ವಾಕರಿಕೆ ಬಂದರೆ ಊಟವಾದ ಮೇಲೆ ತೆಗೆದುಕೊಳ್ಳಿರಿ; ಮಾತ್ರೆಯ ಹಾಳೆಯನ್ನು ಜಂತಿಗೆ ಸಿಕ್ಕಿಸಿ ಮರೆತ ಮನೆಗಳನ್ನು ಎಷ್ಟೋ ಕಂಡಿದ್ದೇನೆ. ರಕ್ತ ಸರಿಹೋದ ಮೇಲೂ ಸುಮಾರು 3 ತಿಂಗಳು ಬಿಡಬಾರದು. ಖಾಲಿಯಾದ ಹಗೇವು ತುಂಬಲು ಅಷ್ಟು ಕಾಲ ಬೇಕು.

ಕಬ್ಬಿಣ ನುಂಗಿಯೂ ಗುಣ ಕಾಣದಿದ್ದರೆ ಬೇರೆ ಕಾರಣ ಹುಡುಕಬೇಕು. ಕೊಕ್ಕೆಹುಳು ರಕ್ತ ಹೀರುತ್ತಿದ್ದರೆ ವೈದ್ಯರು ಅಲ್ಬೆಂಡಜೋಲ್ ಕೊಡುತ್ತಾರೆ. ಮಾಂಸ, ಮೊಟ್ಟೆ, ಹಾಲು ಕಾಣದವರಿಗೆ ಬಿ-12 ಜೀವಸತ್ವದ ಕೊರತೆ ಬರಬಹುದು. ಕೈಕಾಲು ಜುಮುಗುಡುವುದು ಅದರ ಒಂದು ಗುರುತು. ಇಂಥವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಏರಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಬಿ-12 ಚುಚ್ಚುಮದ್ದು ಇಲ್ಲವೆ ಮಾತ್ರೆಯೇ ಬೇಕು. ಥಲಸ್ಸೀಮಿಯಾದಂಥ ವಂಶದ ರೋಗದಲ್ಲಿ ಮೈಯಲ್ಲಿ ಕಬ್ಬಿಣ ತಾನಾಗಿಯೇ ಕೂಡಿಬೀಳುತ್ತದೆ. ವೈದ್ಯರು ಹೇಳದೆ ಮಾತ್ರೆ ಕೊಡಬಾರದು.

ಗರ್ಭಿಣಿಯ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದರೆ ಮನೆಯಲ್ಲಿ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಕಬ್ಬಿಣವನ್ನು ರಕ್ತನಾಳಕ್ಕೇ ಕೊಡುತ್ತಾರೆ, ಬೇಕಾದರೆ ರಕ್ತವನ್ನೂ ಏರಿಸುತ್ತಾರೆ.

ಇನ್ನೊಂದು ಮಾತು. ಸಕ್ಕರೆ ಲೇಪದ ಈ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನಂತೆ ಕಾಣುತ್ತದೆ. ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ. ಕೀಟನಾಶಕದ ಡಬ್ಬಿಯಂತೆಯೇ ಮಕ್ಕಳ ಕೈಗೆಟುಕದ ಕಡೆ ಇಡಿರಿ.