ಎಡಗೈ ಸ್ಪಿನ್ನರ್ ಕಲಿಸಿದ ಸೆಲೆಕ್ಷನ್ ಲೆಕ್ಕ

ಈ ಸೆಮ್ ಶುರುವಿನಲ್ಲಿ ನಮ್ಮ ಬ್ರಾಂಚ್ ಟೀಮ್‌ಗೆ ಟ್ರಯಲ್ಸ್ ಇತ್ತು. ಕಾಪು, ಕಾರ್ಕಳ, ಉಡುಪಿ ಕಡೆಯ ನಾವು ನಾಲ್ಕು ಜನ ಹೋಗಿದ್ವಿ. ಲಿಸ್ಟ್‌ನಲ್ಲಿ ಒಬ್ಬರ ಹೆಸರೂ ಇರಲಿಲ್ಲ. "ಸೆಲೆಕ್ಟರ್‌ಗೆ ಬೌಲಿಂಗ್ ಎಂತ ಗೊತ್ತು ಮಾರಾಯಾ?" ಅಂತ ರಾತ್ರಿಯಿಡೀ ಹಾಸ್ಟೆಲ್‌ನಲ್ಲಿ ಬೈದದ್ದೇ. ಮರುದಿನ, ಬೌಲಿಂಗ್ ಗೊತ್ತಿದ್ದ ಸೆಲೆಕ್ಟರ್ ಯಾರಾದರೂ ಇದ್ದಾರಾ ಅಂತ ಹುಡುಕಿದಾಗ ನಮ್ಮ ಕರಾವಳಿಯವರೇ ಸಿಕ್ಕಿದರು: ಎ. ರಘುರಾಮ್ ಭಟ್.

ಭಟ್ ಹುಟ್ಟಿದ್ದು 1958ರಲ್ಲಿ, ಪುತ್ತೂರಿನಲ್ಲಿ. ಕರ್ನಾಟಕದ ಪರ ಎಡಗೈ ಸ್ಪಿನ್ ಹಾಕುತ್ತಿದ್ದರು. 1981-82ರ ರಣಜಿ ಸೆಮಿಫೈನಲ್ ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ. ಮೊದಲ ಇನ್ನಿಂಗ್ಸ್‌ನಲ್ಲೇ ಭಟ್‌ಗೆ ಹ್ಯಾಟ್ರಿಕ್ ಸೇರಿ 8 ವಿಕೆಟ್. ಎರಡನೇ ಇನ್ನಿಂಗ್ಸ್‌ನಲ್ಲಿ ಸುನಿಲ್ ಗವಾಸ್ಕರ್ ಒಂದು ವಿಚಿತ್ರ ಉಪಾಯ ಮಾಡಿದರು. ಭಟ್ ಬೌಲಿಂಗ್‌ಗೆ ಬಂದಾಗ ಎಡಗೈ ಬ್ಯಾಟರ್ ಆಗಿ ನಿಂತರು, ಬೇರೆಯವರಿಗೆ ಎಂದಿನಂತೆ ಬಲಗೈಯಲ್ಲೇ ಆಡಿದರು!

ಯಾಕೆ? ಎಡಗೈ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟರ್‌ಗೆ ಲೆಗ್ ಕಡೆಯಿಂದ ಆಫ್ ಕಡೆಗೆ, ಅಂದರೆ ಬ್ಯಾಟಿನಿಂದ ದೂರ ತಿರುಗುತ್ತದೆ. ಅಂಚಿಗೆ ತಾಗಿದರೆ ಕ್ಯಾಚ್. ಅದೇ ಚೆಂಡು ಎಡಗೈ ಬ್ಯಾಟರ್‌ಗೆ ಒಳಗೆ ಬರುತ್ತದೆ. ತುಂಬಾ ತಿರುಗಿದರೆ ಮೈಗೋ ಪ್ಯಾಡಿಗೋ ಬಡಿಯುತ್ತದೆ. ಚೆಂಡು ಬದಲಾಗಲಿಲ್ಲ, ನಿಂತವರ ಬದಿ ಬದಲಾಯಿತು ಅಷ್ಟೇ. ಗವಾಸ್ಕರ್ ಔಟಾಗಲಿಲ್ಲ. ಆದರೆ ಮೊದಲ ಇನ್ನಿಂಗ್ಸ್ ಮುನ್ನಡೆಯ ಮೇಲೆ ಫೈನಲ್‌ಗೆ ಹೋದದ್ದು ಕರ್ನಾಟಕ.

ಈಗ ಲೆಕ್ಕ ನೋಡೋಣ. ಭಟ್ 82 ಪ್ರಥಮ ದರ್ಜೆ ಪಂದ್ಯಗಳಲ್ಲಿ 374 ವಿಕೆಟ್ ತೆಗೆದರು. ಟೆಸ್ಟ್ ಆಡಿದ್ದು ಎರಡೇ, ಎರಡೂ 1983ರಲ್ಲಿ, ವಿಕೆಟ್ 4. ಅನ್ಯಾಯ ಅಲ್ವಾ ಅಂತ ನಮಗೂ ಅನ್ನಿಸಿತು. ಆದರೆ ಆ ವರ್ಷಗಳಲ್ಲಿ ದಿಲೀಪ್ ದೋಶಿ, ರವಿ ಶಾಸ್ತ್ರಿ, ಮಣಿಂದರ್ ಸಿಂಗ್ ಮೂವರೂ ಎಡಗೈ ಸ್ಪಿನ್ನರ್‌ಗಳೇ. ಶಾಸ್ತ್ರಿಗೆ ಬ್ಯಾಟಿಂಗೂ ಬರುತ್ತಿತ್ತು. ಇರುವುದು ಒಂದೋ ಎರಡೋ ಜಾಗ. ಸೆಲೆಕ್ಷನ್ ಅಂದರೆ ಯಾರು ಒಳ್ಳೆಯವರು ಅನ್ನುವ ಪ್ರಶ್ನೆ ಮಾತ್ರ ಅಲ್ಲ, ಯಾವ ಜಾಗ ಖಾಲಿ ಇದೆ ಅನ್ನುವ ಪ್ರಶ್ನೆಯೂ ಹೌದು.

ಮುಂದೆ ಅವರೂ ಗವಾಸ್ಕರ್ ಹಾಗೆ ಬದಿ ಬದಲಿಸಿದರು. ರಾಜ್ಯ ತಂಡದ ಸೆಲೆಕ್ಟರ್ ಆದರು. 2022ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಆ ಕುರ್ಚಿ ಹಗುರವಲ್ಲ. ಅವರ ಅವಧಿಯಲ್ಲೇ, 2025ರ ಜೂನ್ 4ರಂದು, ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡರು. ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಬೌಲರ್ ತಪ್ಪು ಮಾಡಿದರೆ ಹೋಗುವುದು ನಾಲ್ಕು ರನ್. ಆಡಳಿತದಲ್ಲಿ ತಪ್ಪಾದರೆ ಹೋಗುವುದು ಏನು ಅಂತ ಅವತ್ತು ಎಲ್ಲರೂ ನೋಡಿದೆವು. ಅದೇ ಸೆಪ್ಟೆಂಬರ್‌ನಲ್ಲಿ ಭಟ್ ಬಿಸಿಸಿಐ ಖಜಾಂಚಿಯಾದರು.

ಇಷ್ಟು ಓದಿದ ಮೇಲೆ ನಮ್ಮ ಟ್ರಯಲ್ಸ್ ಮತ್ತೊಮ್ಮೆ ನೆನಪಾಯಿತು. ನಾವು ನಾಲ್ವರಲ್ಲಿ ಮೂವರು ಆಫ್ ಸ್ಪಿನ್ನರ್‌ಗಳು. ಟೀಮ್‌ನಲ್ಲಿ ಆಗಲೇ ಇಬ್ಬರು ಆಫ್ ಸ್ಪಿನ್ನರ್‌ಗಳಿದ್ದರು. ಬೈಯುವ ಮೊದಲು ಇದನ್ನು ಎಣಿಸಿರಲಿಲ್ಲ.

ನಾಲ್ಕನೆಯವನು ಎಡಗೈಯವನು. ಅವನನ್ನು ಯಾಕೆ ಬಿಟ್ಟರು ಅಂತ ಈ ಸಲ ಮರ್ಯಾದೆಯಿಂದ ಕೇಳಿಯೇ ಬರುತ್ತೇವೆ.