ಬೀಜವಿಲ್ಲದ ತಾಯಿ: ನಂಜನಗೂಡು ರಸಬಾಳೆಯ ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಾವೆಲ್ಲ ಲೈಂಗಿಕ ಮತ್ತು ನಿರ್ಲಿಂಗ ಸಂತಾನೋತ್ಪತ್ತಿಯನ್ನು ಓದಿದ್ದೇವೆ. ವಾಣಿಜ್ಯ ವಿಭಾಗಕ್ಕೆ ಬಂದ ಮೇಲೆ ಆ ಪಾಠ ಮರೆತೇಹೋಯಿತು. ಆದರೆ ನಮ್ಮ ತಾಲ್ಲೂಕಿಗೆ ಹೆಸರು ತಂದ ರಸಬಾಳೆ ಯಾಕೆ ಕಡಿಮೆಯಾಯಿತು ಎಂದು ತಿಳಿಯಬೇಕಾದರೆ ಅದೇ ಪಾಠ ಬೇಕು.

ಬಾಳೆ ಹೇಗೆ ಬೆಳೆಯುತ್ತದೆ?

ನಾವು ಬಾಳೆಮರ ಎನ್ನುತ್ತೇವೆ, ಆದರೆ ಅದು ಮರವಲ್ಲ. ದಿಂಡಿನಂತೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಗೆಡ್ಡೆಯಿಂದ ಹೂಗೊಂಚಲು ಎಲೆಗಳ ನಡುವೆ ಮೇಲೇರಿ ಹೊರಬರುತ್ತದೆ. ಮೊದಲು ಅರಳುವ ಹೆಣ್ಣು ಹೂಗಳೇ ಚಿಪ್ಪುಗಳಾಗುತ್ತವೆ. ತುದಿಯ ಮೂತಿಯಲ್ಲಿ ಉಳಿಯುವುದು ಗಂಡು ಹೂ. ಒಮ್ಮೆ ಗೊನೆ ಕೊಟ್ಟ ಗಿಡ ಸಾಯುತ್ತದೆ. ಅಷ್ಟರಲ್ಲಿ ಗೆಡ್ಡೆಯ ಪಕ್ಕದಲ್ಲಿ ಕಂದುಗಳು ಎದ್ದಿರುತ್ತವೆ. ರೈತರು ಅವನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಇದೇ ಕಾಯಜ ಸಂತಾನೋತ್ಪತ್ತಿ. ಪ್ರಾಣಿಗಳಲ್ಲಿ ಹೈಡ್ರಾ ಮೊಗ್ಗು ಬಿಟ್ಟು ಮರಿ ಮಾಡುವುದೂ ಇದೇ ಬಗೆಯದು.

ಬೀಜ ಯಾಕಿಲ್ಲ?

ಕಾಡುಬಾಳೆಯಲ್ಲಿ ಕಲ್ಲಿನಂಥ ಕಪ್ಪು ಬೀಜಗಳಿವೆ. ರಸಬಾಳೆ ಎರಡು ಕಾಡು ಜಾತಿಗಳ ಮಿಶ್ರತಳಿ. ಅದರ ಜೀವಕೋಶದಲ್ಲಿ 11 ವರ್ಣತಂತುಗಳ ಮೂರು ಜೊತೆ, ಅಂದರೆ 33 ಇವೆ. ಮೂರನ್ನು ಸರಿಸಮವಾಗಿ ಎರಡು ಪಾಲು ಮಾಡಲಾಗದು. ಆದ್ದರಿಂದ ಸರಿಯಾದ ಲಿಂಗಾಣುಗಳು ಆಗುವುದಿಲ್ಲ, ಬೀಜವೂ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ತುಂಬಿಕೊಳ್ಳುತ್ತದೆ. ತಿನ್ನುವವರಿಗೆ ಇದು ಲಾಭ, ಗಿಡಕ್ಕೆ ನಷ್ಟ.

ಇದಕ್ಕೆ ವಿರುದ್ಧ ಪಶ್ಚಿಮ ಘಟ್ಟದ ಬಂಡೆಗಳ ನಡುವೆ ಬೆಳೆಯುವ ಕಲ್ಲುಬಾಳೆ. ಅದೂ ಬಾಳೆಯ ಕುಟುಂಬದ್ದೇ. ಆದರೆ ಅದು ಕಂದು ಬಿಡುವುದಿಲ್ಲ, ಬೀಜದಿಂದಲೇ ವಂಶ ಬೆಳೆಸುತ್ತದೆ.

ಅಪಾಯ ಎಲ್ಲಿದೆ?

ಬೀಜದಿಂದ ಹುಟ್ಟಿದ ಮಕ್ಕಳಲ್ಲಿ ತಾಯಿ ತಂದೆ ಇಬ್ಬರ ಗುಣವೂ ಬೆರೆಯುತ್ತದೆ. ಒಂದು ರೋಗ ಬಂದರೆ ಕೆಲವು ಸಾಯುತ್ತವೆ, ಕೆಲವು ತಡೆದುಕೊಳ್ಳುತ್ತವೆ. ಕಂದುಗಳು ಹಾಗಲ್ಲ, ಎಲ್ಲವೂ ತಾಯಿಯ ಪಡಿಯಚ್ಚು. ತಾಯಿಗೆ ತಡೆಯುವ ಶಕ್ತಿ ಇಲ್ಲದಿದ್ದರೆ ಇಡೀ ತೋಟಕ್ಕೂ ಇಲ್ಲ. ಇದ್ದ ಬಂಡವಾಳವನ್ನೆಲ್ಲ ಒಂದೇ ವ್ಯಾಪಾರದಲ್ಲಿ ಹಾಕಿದ ಹಾಗೆ.

ರಸಬಾಳೆಗೆ ಆದದ್ದು ಅದೇ. ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಪನಾಮ ಸೊರಗು ರೋಗ ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಜೋತುಬೀಳುತ್ತವೆ, ದಿಂಡಿನ ಬುಡ ಸೀಳುತ್ತದೆ. ಶಿಲೀಂಧ್ರ ಮಣ್ಣಿನಲ್ಲಿ ಹಲವು ವರ್ಷ ಬದುಕಿರುತ್ತದೆ. ಮಧ್ಯ ಅಮೆರಿಕದ ಗ್ರೋ ಮಿಷೆಲ್ ಬಾಳೆಯ ದೊಡ್ಡ ತೋಟಗಳನ್ನೂ ಇದೇ ರೋಗ ಮುಗಿಸಿತು. 1950–60ರ ದಶಕಗಳಲ್ಲಿ ಅಲ್ಲಿನ ಕಂಪನಿಗಳು ಕ್ಯಾವೆಂಡಿಷ್ ತಳಿಗೆ ಬದಲಾದವು.

ಏನು ಮಾಡಬಹುದು?

ನಂಜನಗೂಡು ಬಾಳೆಗೆ 2005–06ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಅದು ಹೆಸರನ್ನು ಕಾಪಾಡುತ್ತದೆ, ಗಿಡವನ್ನಲ್ಲ. ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಬರುತ್ತದೆ. ಆದರೆ ಅದೂ ಪಡಿಯಚ್ಚೇ ಆದ್ದರಿಂದ ರೋಗವಿರುವ ಮಣ್ಣಿಗೆ ಹಾಕಿದರೆ ಮತ್ತೆ ಸೊರಗುತ್ತದೆ. ಹಾಗಾಗಿ ಸಸಿಯ ಜೊತೆ ಮಣ್ಣೂ ಮುಖ್ಯ. ರೋಗ ಬಂದ ತೋಟದ ಕಂದು ತರಬಾರದು, ಅಲ್ಲಿ ಬಳಸಿದ ಗುದ್ದಲಿ, ಮಚ್ಚನ್ನು ಶುಚಿಮಾಡದೆ ಬೇರೆ ಕಡೆ ಬಳಸಬಾರದು. ಕಪಿಲೆಯ ನಾಲೆ ನೀರು ಇರುವ ನಮ್ಮ ಕಡೆ ನಡುವೆ ಭತ್ತ ಬೆಳೆದು ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಶಿಲೀಂಧ್ರ ಕಡಿಮೆಯಾಗುತ್ತದೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ: ಮೊದಲು ನಮ್ಮೂರಿನ ಯಾವ ಯಾವ ಹೊಲದಲ್ಲಿ ರಸಬಾಳೆ ಇತ್ತು? ಈಗ ಅಲ್ಲಿ ಏನಿದೆ? ಉತ್ತರ ಬರೆದು ಮುಂದಿನ ಸಂಚಿಕೆಗೆ ಕೊಡಿ.