ಚಳಿಯಲ್ಲಿ ಬಂದ ಕೂಡಲೇ, ಬಿಸಿಲಲ್ಲಿ ಆರಿದ ಮೇಲೆ

ಲಿಥಿಯಂ ಬ್ಯಾಟರಿ ಕೊರೆಯುವ ಚಳಿಯಲ್ಲೂ ಕರೆಂಟು ಕೊಡುತ್ತದೆ, ತೆಗೆದುಕೊಳ್ಳಲು ಮಾತ್ರ ಒಲ್ಲದು. ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ಕಡೂರು ತಾಲ್ಲೂಕಿನ ದೇವನೂರಿನಲ್ಲಿ ಬೆಳೆದ ನನಗೆ ಇದು ಮನದಟ್ಟಾದದ್ದು ಕೆನಡಾದ ಎಡ್ಮಂಟನ್‌ಗೆ ಬಂದು ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ. ನಮ್ಮೂರಲ್ಲಿ ಧನುರ್ಮಾಸದ ಬೆಳಗಿನ ಜಾವ ಕಂಬಳಿ ಹೊದ್ದರೆ ಅದೇ ದೊಡ್ಡ ಚಳಿ. ಇಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿಗೆ ಇಳಿಯುವುದೂ ಉಂಟು.

ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಹೋಗಿ ಸೇರಬೇಕು. ಸೊನ್ನೆಗಿಂತ ಕೆಳಗೆ ಈ ಕೆಲಸ ತೀರಾ ನಿಧಾನ. ಸಂತೆ ದಿನದ ಬಸ್ಸಿನಲ್ಲಿ ಒಳಗಿನವರು ಸರಿಯದಿದ್ದರೆ ಹತ್ತುವವರು ಬಾಗಿಲಲ್ಲೇ ಜೋತುಬೀಳುವಂತೆ, ಅಯಾನುಗಳು ಗ್ರಾಫೈಟಿನ ಮೇಲೆಯೇ ಲೋಹವಾಗಿ ಕೂತುಬಿಡುತ್ತವೆ. ಅದರಲ್ಲಿ ಒಂದಷ್ಟು ಮತ್ತೆಂದೂ ಕೆಲಸಕ್ಕೆ ಬಾರದು. ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಆ ಲೋಹ ಮೊನೆಯಾಗಿ ಬೆಳೆದು ಬ್ಯಾಟರಿಯ ಎರಡು ಧ್ರುವಗಳ ನಡುವಿನ ಪರದೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಚಳಿಯಲ್ಲಿ ಓಡಿಸುವಾಗ ಮೈಲೇಜು ಇಳಿಯುವುದು ಬೇರೆ ಮಾತು. ಬ್ಯಾಟರಿ ಬೆಚ್ಚಗಾದರೆ ಅದು ಮರಳುತ್ತದೆ.

ನನ್ನ ಕಾರಿನದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ವಿಜ್ಞಾನಿ ಜಾನ್ ಗುಡ್‌ಇನಫ್ ಅವರೊಂದಿಗೆ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ 1997ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಬುನಾದಿ. ನಂಜುಂಡಸ್ವಾಮಿ ಎಂಬ ಹೆಸರು ಓದಿದಾಗ ನಮ್ಮ ಕಡೆಯವರನ್ನೇ ಕಂಡಷ್ಟು ಹಿಗ್ಗಿದ್ದೆ. ಈ ಬಗೆಯ ಬ್ಯಾಟರಿ ಬಿಸಿಗೆ ಗಟ್ಟಿ, ಚಳಿಗೆ ಸೂಕ್ಷ್ಮ. ಸಾಮಾನ್ಯವಾಗಿ ಮೈನಸ್ 20ರವರೆಗೂ ಬಳಸಬಹುದು, ಚಾರ್ಜ್ ಮಾಡಲು 0ಯಿಂದ 45 ಡಿಗ್ರಿಯೇ ಮಿತಿ. ಅದಕ್ಕೇ ಕಾರು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡು, ಆಮೇಲೆ ಕರೆಂಟು ಒಳಗೆ ಬಿಡುತ್ತದೆ.

ಇಲ್ಲಿನ ಪಾರ್ಕಿಂಗ್ ಜಾಗಗಳಲ್ಲಿ ಪೆಟ್ರೋಲ್ ಕಾರಿನ ಇಂಜಿನ್ ಹೀಟರ್‌ಗೆಂದು 120 ವೋಲ್ಟ್ ಸಾಕೆಟ್ ಇಟ್ಟಿರುತ್ತಾರೆ. ಅದರಿಂದ ಸಿಗುವುದು ಹೆಚ್ಚೆಂದರೆ ಒಂದೂವರೆ ಕಿಲೋವ್ಯಾಟ್. ರಾತ್ರಿಯೆಲ್ಲ ಹೊರಗೆ ನಿಂತು ಹೆಪ್ಪುಗಟ್ಟಿದ ಕಾರಿಗೆ ಅದನ್ನು ಸಿಕ್ಕಿಸಿದರೆ, ಕಾರಿನ ಸ್ಕ್ರೀನಿನಲ್ಲಿ ಚಾರ್ಜ್ ಆಗುತ್ತಿದೆ ಎಂಬ ಸಾಲು ಬೆಳಗುತ್ತದೆ, ಶೇಕಡಾವಾರು ಅಂಕಿ ಮಾತ್ರ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. ಬಂದ ಕರೆಂಟೆಲ್ಲ ಬ್ಯಾಟರಿಯನ್ನು ಬಿಸಿ ಮಾಡುವುದಕ್ಕೇ ಹೋಗುತ್ತಿರುತ್ತದೆ. ಮನೆಯಲ್ಲಿ 240 ವೋಲ್ಟ್ ಚಾರ್ಜರ್ ಹಾಕಿಸಿದ ಮೇಲೆ ಆ ತಾಪತ್ರಯ ತಪ್ಪಿತು.

ಈಗ ಕೆಲಸದಿಂದ ಬಂದ ಕೂಡಲೇ, ಓಡಿದ ಬಿಸಿ ಬ್ಯಾಟರಿಯಲ್ಲಿ ಇರುವಾಗಲೇ ಚಾರ್ಜಿಗೆ ಹಾಕುತ್ತೇನೆ. ಬೆಳಿಗ್ಗೆ ಹೊರಡುವ ಸಮಯವನ್ನು ಕಾರಿಗೆ ಮೊದಲೇ ತಿಳಿಸಿಟ್ಟರೆ ಪ್ಲಗ್ಗಿನ ಕರೆಂಟಿನಲ್ಲೇ ಅದು ಬೆಚ್ಚಗಾಗಿರುತ್ತದೆ. ದೂರದ ದಾರಿಯಲ್ಲಿ ಫಾಸ್ಟ್ ಚಾರ್ಜರ್ ಇರುವ ಜಾಗವನ್ನು ಕಾರಿನ ಮ್ಯಾಪಿನಲ್ಲೇ ಗುರುತು ಹಾಕುತ್ತೇನೆ; ಅಲ್ಲಿಗೆ ತಲುಪುವಷ್ಟರಲ್ಲಿ ಬ್ಯಾಟರಿ ಸಿದ್ಧವಾಗಿರುತ್ತದೆ. ಇನ್ನೊಂದು ಎಚ್ಚರ: ಪೆಡಲ್ ಬಿಟ್ಟಾಗ ಚಕ್ರದಿಂದ ಬ್ಯಾಟರಿಗೆ ಮರಳುವ ಕರೆಂಟೂ ಚಾರ್ಜಿಂಗೇ. ತಣ್ಣಗಿನ ಬ್ಯಾಟರಿ ಅದನ್ನೂ ಒಪ್ಪುವುದಿಲ್ಲ, ಹಾಗಾಗಿ ಕಾರು ಎಂದಿನಂತೆ ತಾನಾಗಿ ನಿಧಾನವಾಗುವುದಿಲ್ಲ. ಹಿಮದ ರಸ್ತೆಯಲ್ಲಿ ಬೇಗನೇ ಬ್ರೇಕ್ ಒತ್ತಬೇಕು.

ಊರಲ್ಲಿ ತಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಾಗ ಇದೇ ಪಾಠವನ್ನು ತಿರುಗಿಸಿ ಹೇಳಬೇಕಾಯಿತು. ಬಾಬಾಬುಡನ್ ಬೆಟ್ಟದ ಮಳೆನೆರಳಿನ ಆ ಬಯಲಲ್ಲಿ ಬ್ಯಾಟರಿಗೆ ಚಳಿಯ ಭಯವಿಲ್ಲ, ಏಪ್ರಿಲ್ ಬಿಸಿಲಿನದು ಇದೆ. ಮಧ್ಯಾಹ್ನ ಕಡೂರಿಗೆ ಹೋಗಿ ಬಂದವನೇ ತಗಡಿನ ಶೆಡ್ಡಿನಡಿ ಚಾರ್ಜಿಗೆ ಹಾಕಬೇಡ, ನೆರಳಲ್ಲಿ ನಿಲ್ಲಿಸಿ ಆರಲು ಬಿಡು, ಸಂಜೆ ಹಾಕು, ಕಂಪನಿಯ ಚಾರ್ಜರನ್ನೇ ಬಳಸು ಎಂದೆ. 2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಹೊತ್ತಿಕೊಂಡ ಮೇಲೆ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ನಿಯಮವನ್ನು ಬಿಗಿ ಮಾಡಿದೆ. ನಿಯಮವಿದ್ದರೂ ಮನೆಯ ಜಾಗ್ರತೆ ಬೇಕೇ ಬೇಕು.

ಪ್ಲಗ್ ಹಾಕುವಾಗ ಎಷ್ಟು ಪರ್ಸೆಂಟ್ ಉಳಿದಿದೆ ಎಂದು ಎಲ್ಲರೂ ನೋಡುತ್ತೇವೆ. ಬ್ಯಾಟರಿಯ ಬಿಸಿ ಎಷ್ಟಿದೆ ಎಂಬುದನ್ನೂ ಅಷ್ಟೇ ಗಮನದಿಂದ ನೋಡಬೇಕು. ಎಲೆಕ್ಟ್ರಿಕ್ ಗಾಡಿಯಲ್ಲಿ ಲೇಹ್‌ಗೆ ಹೊರಡುವ ನಮ್ಮ ಹುಡುಗರಿಗೂ ನನ್ನ ಮಾತು ಇದೇ: ರಾತ್ರಿ ತಂಗುವ ಕಡೆ ತಲುಪಿದ ಕೂಡಲೇ ಚಾರ್ಜಿಗೆ ಹಾಕಿ, ಬೆಳಗಾಗಲಿ ಎಂದು ಕಾಯಬೇಡಿ.